ಪ್ಯಾಕೇಜ್ ಇನ್‌ಸ್ಟಾಲ್‌ಗೆ ಜೂನ್ 1ರಿಂದ ಶುಲ್ಕ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಬರುವ ಜೂನ್ 1ರಿಂದ, ನಿಮ್ಮ ಕಂಪ್ಯೂಟರಿನಲ್ಲಿ ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್ ಆದ 'ಆರ್' (R) ಮತ್ತು ಅದಕ್ಕೆ ಜೋಡಿಸುವ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡಿಕೊಡುವುದಕ್ಕೆ, ನಿಮ್ಮ ಥೀಸಿಸ್ ಡೇಟಾ ವಿಶ್ಲೇಷಣೆ ಮಾಡಿಕೊಡುವ ನಾವು ಶುಲ್ಕ ತೆಗೆದುಕೊಳ್ಳುತ್ತೇವೆ. ಒಂದು ಕಂಪ್ಯೂಟರಿಗೆ 1,200 ರೂಪಾಯಿ. ಒಮ್ಮೆ ಕಟ್ಟಿದರೆ ನಿಮ್ಮ ವೈವಾ ಮುಗಿಯುವವರೆಗೆ ಮತ್ತೆ ಏನೂ ಇಲ್ಲ. ಇಷ್ಟು ದಿನ ಫೋನಿನಲ್ಲಿ, ವಾಟ್ಸಾಪಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವಿದು. ಥೀಸಿಸ್ ಸಬ್‌ಮಿಷನ್ ಹತ್ತಿರ ಬಂದವರಿಗೆ ಈ ಸುದ್ದಿ ಕಹಿ ಎಂದು ಬಲ್ಲೆವು, ಅದಕ್ಕಾಗಿ ಕ್ಷಮೆ ಕೋರುತ್ತೇವೆ. ಈಗಾಗಲೇ ನಮಗೆ ಡೇಟಾ ಒಪ್ಪಿಸಿ ಕೆಲಸ ಅರ್ಧಕ್ಕೆ ಬಂದಿರುವ ಯಾರಿಂದಲೂ ಒಂದು ರೂಪಾಯಿ ಹೆಚ್ಚು ಕೇಳುವುದಿಲ್ಲ.

"ಆರ್ ಫ್ರೀ ಐತಲ್ರೀ ಸರ್, ಮತ್ತ ರೊಕ್ಕ ಯಾಕ?" ಎಂದು ಸುದ್ದಿ ಹರಡಿದ ಮೇಲೆ ಹಲವರು ಕೇಳಿದ್ದಾರೆ, ದುಡ್ಡಿನಾಸೆ ಎಂದವರೂ ಇದ್ದಾರೆ. ಆರ್ ಫ್ರೀ ಹೌದು. ಅದನ್ನು ನಿಮಗೆ ಮಾರಿದ್ದೇವೆ ಎಂದು ನಾವು ಯಾವತ್ತೂ ಹೇಳಿಲ್ಲ. ನಾವು ಕೇಳುತ್ತಿರುವುದು ನಮ್ಮ ಹುಡುಗರು ನಿಮ್ಮ ಲ್ಯಾಪ್‌ಟಾಪಿನ ಮುಂದೆ ಕೂರುವ ಹೊತ್ತಿಗೆ. ಆ ಹೊತ್ತು ಎಲ್ಲಿ ಹೋಗುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ಹೇಳಬೇಕಾಗಿದೆ.

ಒಂದೇ ಮಾತನ್ನು ಹೇಳುವ ಅಂಶಗಳು ಮಾಡೆಲ್‌ನಲ್ಲಿ ಸೇರಿವೆಯೇ ಎಂದು ತೋರಿಸುವ 'ವಿಐಎಫ್' ಎಂಬ ಅಳತೆಯನ್ನು ನೀವು ನೋಡಬೇಕು. ಅದಕ್ಕೆ 'ಕಾರ್' ಎಂಬ ಪ್ಯಾಕೇಜ್ ಸಾಕು ಎಂದು ಗೈಡ್ ಹೇಳಿರುತ್ತಾರೆ. ಕಾರ್ ಒಂದೇ ಬರುವುದಿಲ್ಲ. ಅದಕ್ಕೆ 'ಪಿಬಿಕೆಆರ್‌ಟೆಸ್ಟ್' ಬೇಕು, ಅದಕ್ಕೆ 'ಎಲ್‌ಎಂಇ4', ಅದಕ್ಕೆ 'ಮ್ಯಾಟ್ರಿಕ್ಸ್'. ಮ್ಯಾಟ್ರಿಕ್ಸ್ 1.7-0 ಆವೃತ್ತಿಯಿಂದ ಮುಂದಕ್ಕೆ ಆರ್ 4.4.0 ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂಎಸ್ಸಿ ಓದುವಾಗ ಹಾಕಿದ ಆರ್ 4.1 ಇದೆ. ಅಲ್ಲಿಗೆ ಸರಪಳಿ ತುಂಡಾಯಿತು. ಪರದೆಯ ಮೇಲೆ ಕಾಣುವುದು ಮಾತ್ರ ಕೊನೆಯ ಕೆಂಪು ಸಾಲು: ನಾನ್-ಜೀರೋ ಎಕ್ಸಿಟ್ ಸ್ಟೇಟಸ್. ನೀವು ಅದರ ಫೋಟೋ ತೆಗೆದು ಕಳಿಸುತ್ತೀರಿ. ಆ ಸಾಲು 'ಆಗಲಿಲ್ಲ' ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಕಾರಣ ಇರುವುದು ಅದಕ್ಕೂ ಎಷ್ಟೋ ಸಾಲು ಮೇಲೆ, ಮೊದಲ ಎರರ್ ಬಂದ ಜಾಗದಲ್ಲಿ.

ಹಾಗಾದರೆ ಹಳೆಯ ಆರ್‌ಗೆ ಹಳೆಯ ಪ್ಯಾಕೇಜ್ ಹಾಕಿ ಎನ್ನುತ್ತೀರಿ. ಹಾಕಬಹುದು. ಆದರೆ ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರಾನ್‌ನಲ್ಲಿ ವಿಂಡೋಸ್‌ಗೆ ಸಿದ್ಧವಾಗಿ ಕಟ್ಟಿದ ಪ್ಯಾಕೇಜ್‌ಗಳು ಈಗಿನ ಆವೃತ್ತಿಗೂ ಅದರ ಹಿಂದಿನದಕ್ಕೂ ಮಾತ್ರ ಹೊಸದಾಗಿ ಬರುತ್ತವೆ. ಅದಕ್ಕಿಂತ ಹಳೆಯದಕ್ಕೆ ಬೇಕಾದ ಆವೃತ್ತಿಯನ್ನು ಎಷ್ಟೋ ಸಲ ಸೋರ್ಸ್‌ನಿಂದಲೇ (ಮೂಲ ಕೋಡ್‌ನಿಂದಲೇ) ಕಟ್ಟಬೇಕು. ಅದಕ್ಕೆ ಆರ್‌ಟೂಲ್ಸ್ ಎಂಬ ಸಲಕರಣೆಗಳ ಗಂಟು ಬೇಕು. ಆರ್ 4.0 ಮತ್ತು 4.1ಕ್ಕೆ ಆರ್‌ಟೂಲ್ಸ್ 40, 4.2ಕ್ಕೆ 42, 4.3ಕ್ಕೆ 43, ಹೀಗೆ ಬೇರೆ ಬೇರೆ. ನೂರಾರು ಎಂಬಿಯ ಆ ಫೈಲು ಹಾಸ್ಟೆಲ್ ವೈಫೈಯಲ್ಲಿ ಇಳಿಯುವಷ್ಟರಲ್ಲಿ ನಮ್ಮ ಹುಡುಗನ ಮಧ್ಯಾಹ್ನ ಮುಗಿದಿರುತ್ತದೆ.

ಇನ್ನೊಂದು ಬಗೆಯ ತೊಂದರೆಯಲ್ಲಿ ಆವೃತ್ತಿ ಸರಿಯಾಗಿಯೇ ಇರುತ್ತದೆ, ಇನ್‌ಸ್ಟಾಲ್ ನಡುವೆ ನಿಂತುಹೋಗುತ್ತದೆ. ಪ್ಯಾಕೇಜ್‌ಗಳು ಕೂರುವ ಲೈಬ್ರರಿ ಫೋಲ್ಡರ್ ತೆರೆದರೆ '00ಲಾಕ್' ಎಂದು ಶುರುವಾಗುವ ಒಂದು ಫೋಲ್ಡರ್ ಕೂತಿರುತ್ತದೆ. ಹಿಂದಿನ ಸಲ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಬಿಟ್ಟುಹೋದದ್ದು. ಅದನ್ನು ಅಳಿಸದೆ ಆ ಪ್ಯಾಕೇಜ್ ಮುಂದೆ ಹೋಗುವುದಿಲ್ಲ. ಕೆಲವೊಮ್ಮೆ 'ಆರ್‌ಲ್ಯಾಂಗ್' ಎಂಬ ಪ್ಯಾಕೇಜ್ ಈಗಾಗಲೇ ಲೋಡ್ ಆಗಿದೆ, ಇದಕ್ಕಿಂತ ಹೊಸದು ಬೇಕು ಎಂಬ ಸಂದೇಶ ಬರುತ್ತದೆ. ಆರ್ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಬೇರೆ ಏನನ್ನೂ ಲೋಡ್ ಮಾಡುವ ಮೊದಲೇ ಇನ್‌ಸ್ಟಾಲ್ ಕೊಟ್ಟರೆ ಸರಿಹೋಗುತ್ತದೆ. ಇವೆರಡನ್ನು ನೀವೇ ಮಾಡಿಕೊಳ್ಳಬಹುದು, ಇದಕ್ಕೆ ನಮಗೆ ದುಡ್ಡು ಕೊಡಬೇಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಹೋಗಿ ಕೂತಿದ್ದು, ಲೈಬ್ರರಿ ಅದರೊಳಗೇ ಇದ್ದರೆ ಮಾತ್ರ ಕರೆ ಮಾಡಿ. ಅದನ್ನು ಹೊರಗೆ ತರುವುದಕ್ಕೆ ಸ್ವಲ್ಪ ಕೈಚಳಕ ಬೇಕು.

ಈಗ, ನಮಗೆ ನಿಜವಾಗಿ ನೋವು ಕೊಟ್ಟಿರುವ ಮಾತಿಗೆ ಬರುತ್ತೇವೆ. ಅದು ರಿಗ್ರೆಷನ್ ಬಗ್ಗೆ, ಅಂದರೆ ಒಂದು ಸಂಗತಿ ಬೇರೆ ಸಂಗತಿಗಳೊಂದಿಗೆ ಹೇಗೆ ಏರಿಳಿಯುತ್ತದೆ ಎಂದು ಅಳೆಯುವ ಲೆಕ್ಕದ ಬಗ್ಗೆ. "ನಿಮ್ಮ ಪ್ಯಾಕೇಜ್ ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲ, ರಿಗ್ರೆಷನ್ ತಪ್ಪು ಬಂದಿದೆ. ಗೈಡ್ ಎಸ್‌ಪಿಎಸ್‌ಎಸ್‌ನಲ್ಲಿ ಹಾಕಿದರೆ ಬೇರೆ ಉತ್ತರ ಬರುತ್ತದೆ." (ಎಸ್‌ಪಿಎಸ್‌ಎಸ್ ಎಂದರೆ ಅಂಕಿಅಂಶ ಲೆಕ್ಕದ ಇನ್ನೊಂದು ಸಾಫ್ಟ್‌ವೇರ್.) ಈ ಒಂದು ದೂರಿನ ಮೇಲೆ ಎಲ್ಲವನ್ನೂ ಅಳಿಸಿ ಮತ್ತೆ ಹಾಕಿಕೊಡಿ ಎಂದವರು ಬಹಳ ಮಂದಿ. ಹಾಕಿಕೊಟ್ಟಿದ್ದೇವೆ. ಉತ್ತರ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ರಿಗ್ರೆಷನ್‌ನ ಲೀನಿಯರ್ ಮಾಡೆಲ್ ಕಟ್ಟುವ 'ಎಲ್‌ಎಂ' ಎಂಬ ಆದೇಶ ಆರ್ ಜೊತೆಗೇ ಬರುತ್ತದೆ, ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡುವುದೇ ಇಲ್ಲ.

ಒಂದು ಊಹೆಯ ಉದಾಹರಣೆ ಹಿಡಿಯೋಣ. ನೀರಾವರಿಯ ಬಗೆಗೆ ತಕ್ಕಂತೆ ಮೆಕ್ಕೆಜೋಳದ ಇಳುವರಿ ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದೀರಿ. ಮೂರು ಗುಂಪು: ಬೋರ್‌ವೆಲ್, ಕೆನಾಲ್, ರೈನ್‌ಫೆಡ್ (ಮಳೆಯಾಶ್ರಿತ). ಸರಾಸರಿ ಇಳುವರಿ ಕ್ರಮವಾಗಿ 18, 14, 9 ಕ್ವಿಂಟಲ್. ಆರ್ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಮೊದಲು ಬರುವ ಬೋರ್‌ವೆಲ್ ಅನ್ನು ಆಧಾರ ಗುಂಪಾಗಿ ಹಿಡಿಯುತ್ತದೆ. ಹಾಗಾಗಿ ಇಂಟರ್‌ಸೆಪ್ಟ್ (ಆಧಾರ ಗುಂಪಿನ ಸರಾಸರಿ) 18, ಕೆನಾಲ್‌ಗೆ ಮೈನಸ್ 4, ರೈನ್‌ಫೆಡ್‌ಗೆ ಮೈನಸ್ 9. ಎಸ್‌ಪಿಎಸ್‌ಎಸ್‌ನ ಜನರಲ್ ಲೀನಿಯರ್ ಮಾಡೆಲ್ ಕೊನೆಯ ಗುಂಪಾದ ರೈನ್‌ಫೆಡ್ ಅನ್ನು ಆಧಾರವಾಗಿಟ್ಟುಕೊಳ್ಳುತ್ತದೆ. ಅಲ್ಲಿ ಇಂಟರ್‌ಸೆಪ್ಟ್ 9, ಬೋರ್‌ವೆಲ್‌ಗೆ ಪ್ಲಸ್ 9, ಕೆನಾಲ್‌ಗೆ ಪ್ಲಸ್ 5. ಎರಡೂ ಟೇಬಲ್ ಪಕ್ಕಪಕ್ಕ ಇಟ್ಟರೆ ಒಂದು ಅಂಕಿಯೂ ತಾಳೆಯಾಗದಂತೆ ಕಾಣುತ್ತದೆ. ಕೂಡಿಸಿ ನೋಡಿ. ಕೆನಾಲ್ ರೈತನಿಗೆ ಇಲ್ಲಿ 18ರಲ್ಲಿ 4 ಕಳೆದರೆ 14, ಅಲ್ಲಿ 9ಕ್ಕೆ 5 ಸೇರಿಸಿದರೆ 14. ಮಾಡೆಲ್ ಡೇಟಾಕ್ಕೆ ಎಷ್ಟು ಹೊಂದುತ್ತದೆ ಎಂದು ಹೇಳುವ ಆರ್-ಸ್ಕ್ವೇರ್ ಒಂದೇ, ಇಡೀ ಮಾಡೆಲ್ ಅನ್ನು ಪರೀಕ್ಷಿಸುವ ಒಟ್ಟು ಎಫ್ ಬೆಲೆ ಒಂದೇ. ಆಧಾರ ಗುಂಪನ್ನು 'ರಿಲೆವೆಲ್' ಮಾಡಿ ಬದಲಿಸಿದರೆ ನಿಮ್ಮ ಗೈಡ್ ನೋಡಿದ ಅಂಕಿಗಳೇ ಬರುತ್ತವೆ. ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎಂದು ಸೂಚಿಸುವ ಸಿಗ್ನಿಫಿಕೆನ್ಸ್ ನಕ್ಷತ್ರಗಳು ಬೇರೆ ಬೇರೆ ಸಾಲಿನಲ್ಲಿ ಬರುವುದಕ್ಕೂ ಇದೇ ಕಾರಣ. ಪ್ರತಿ ನಕ್ಷತ್ರವೂ ಆಧಾರ ಗುಂಪಿಗೆ ಹೋಲಿಸಿದ ವ್ಯತ್ಯಾಸದ ಮಾತಾಡುತ್ತದೆ.

ಇಳುವರಿಯ ಏರಿಳಿತದಲ್ಲಿ ಯಾವ ಅಂಶಕ್ಕೆ ಎಷ್ಟು ಪಾಲು ಎಂದು ಹಂಚಿ ತೋರಿಸುವ ಆನೋವಾ ಟೇಬಲ್‌ನದು ಬೇರೆಯೇ ಸಂಗತಿ. ಆರ್‌ನ ಸಾದಾ 'ಆನೋವಾ' ಕೊಡುವುದು ಟೈಪ್ 1 ಮೊತ್ತಗಳನ್ನು. ಸೂತ್ರದಲ್ಲಿ ಯಾವ ಅಂಶ ಮೊದಲು ಬರೆದಿದ್ದೀರೋ ಅದಕ್ಕೆ ಮೊದಲ ಪಾಲು. ಎಸ್‌ಪಿಎಸ್‌ಎಸ್ ತಾನಾಗಿ ಕೊಡುವುದು ಟೈಪ್ 3, ಅಂದರೆ ಪ್ರತಿ ಅಂಶಕ್ಕೂ ಉಳಿದೆಲ್ಲದರ ಪಾಲು ಕಳೆದು ಉಳಿದ ಪಾಲು. ಎಲ್ಲ ಪ್ಲಾಟ್‌ಗಳೂ ಉಳಿದು ಡೇಟಾ ಸಮತೋಲನದಲ್ಲಿದ್ದರೆ ಎರಡೂ ಒಂದೇ ಉತ್ತರ. ಮಳೆಗೆ ನಾಲ್ಕು ಪ್ಲಾಟ್ ಕೊಚ್ಚಿಹೋದ ವರ್ಷ ಎರಡೂ ಬೇರೆ. ಟೈಪ್ 3 ಬೇಕೆಂದರೆ ಕಾರ್ ಪ್ಯಾಕೇಜಿನಲ್ಲಿ ಕೇಳಬಹುದು, ಆದರೆ ಅದಕ್ಕೂ ಮೊದಲು ಕಾಂಟ್ರಾಸ್ಟ್ (ಗುಂಪುಗಳನ್ನು ಹೋಲಿಸುವ ರೀತಿ) ಅನ್ನು 'ಟ್ರೀಟ್‌ಮೆಂಟ್'ನಿಂದ 'ಸಮ್'ಗೆ ಬದಲಿಸಿ ಮಾಡೆಲ್ ಅನ್ನು ಮತ್ತೆ ಕಟ್ಟಬೇಕು. ಬದಲಿಸದೆ, ಇಂಟರ್‌ಆಕ್ಷನ್ (ಒಂದು ಅಂಶದ ಪರಿಣಾಮ ಇನ್ನೊಂದನ್ನು ಅವಲಂಬಿಸುವುದು) ಇರುವ ಮಾಡೆಲ್‌ನಲ್ಲಿ ಟೈಪ್ 3 ಕೇಳಿದರೆ ಮುಖ್ಯ ಪರಿಣಾಮಗಳ ಸಾಲುಗಳಿಗೆ ನೀವು ಅಂದುಕೊಂಡ ಅರ್ಥ ಇರುವುದಿಲ್ಲ. ನಾವು ಕೊಡುವ ಪ್ರತಿಯೊಂದು ಸ್ಕ್ರಿಪ್ಟ್‌ನ (ಆರ್‌ಗೆ ಕೊಡುವ ಆದೇಶಗಳ ಫೈಲಿನ) ಮೇಲ್ಭಾಗದಲ್ಲಿ ಕಾಂಟ್ರಾಸ್ಟ್ ಬದಲಿಸುವ ಸಾಲು ಬರೆದೇ ಕೊಡುತ್ತೇವೆ. ಇದು ಅನಗತ್ಯ ಸಾಲು ಎಂದು ಯಾರೋ ಅಳಿಸಿ, ಉತ್ತರ ತಾಳೆಯಾಗುತ್ತಿಲ್ಲವೆಂದು ನಮ್ಮ ಹೆಸರು ಹೇಳಿದರೆ ಬೇಸರವಾಗುತ್ತದೆ. ಈ ಊರಲ್ಲಿ ನಮ್ಮ ಸ್ಕ್ರಿಪ್ಟ್ ಪರೀಕ್ಷಕರ ಮುಂದೆ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೇ ನಮ್ಮ ಕಚೇರಿ ನಡೆದುಬಂದಿದೆ.

ಇನ್ನೊಂದು: ರಿಗ್ರೆಷನ್ ಅಂಕಿಗಳ (ಕೋಎಫಿಶಿಯೆಂಟ್) ಟೇಬಲ್‌ನಲ್ಲಿ ಒಂದು ಸಾಲಿಗೆ ಅಂಕಿಯ ಬದಲು 'ಎನ್‌ಎ' ಬಂದರೆ ಗಾಬರಿಯಾಗಬೇಡಿ. ಒಣಭೂಮಿ, ನೀರಾವರಿ ಭೂಮಿ, ಒಟ್ಟು ಭೂಮಿ ಮೂರನ್ನೂ ಒಟ್ಟಿಗೆ ಹಾಕಿರುತ್ತೀರಿ. ಮೊದಲೆರಡು ಕೂಡಿದರೆ ಮೂರನೆಯದು, ಅದಕ್ಕೆ ಆರ್ ಒಂದನ್ನು ಕೈಬಿಟ್ಟಿರುತ್ತದೆ. ಪ್ಯಾಕೇಜ್ ಮತ್ತೆ ಹಾಕಿದರೆ ಇದು ಹೋಗುವುದಿಲ್ಲ, ಒಂದು ಕಾಲಂ ತೆಗೆದರೆ ಹೋಗುತ್ತದೆ. ಹಾಗೆಯೇ ಶಿಕ್ಷಣವನ್ನು 1ರಿಂದ 5ರವರೆಗೆ ಕೋಡ್ ಮಾಡಿ, ಅದನ್ನು 'ಫ್ಯಾಕ್ಟರ್' (ಗುಂಪುಗಳ ಕಾಲಂ) ಎಂದು ಹೇಳದೆ ಬಿಟ್ಟರೆ ಆರ್ ಅದನ್ನು ಬರೀ ಸಂಖ್ಯೆ ಎಂದೇ ತಿಳಿಯುತ್ತದೆ. ಐದು ಮಟ್ಟಕ್ಕೆ ನಾಲ್ಕು ಸಾಲು ಬರಬೇಕಾದಲ್ಲಿ ಒಂದೇ ಸಾಲು ಬರುತ್ತದೆ.

ಇಂಥ ರಿಗ್ರೆಷನ್ ಪ್ರಶ್ನೆಗಳಿಗೆ ಮುಂದೆಯೂ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ನಾವು ಮಾಡಿಕೊಟ್ಟ ವಿಶ್ಲೇಷಣೆಯ ಬಗ್ಗೆ ಗೈಡ್ ಏನೇ ಕೇಳಲಿ, ಅವರನ್ನೂ ಕರೆದುಕೊಂಡು ಬನ್ನಿ, ಎದುರಿಗೆ ಕೂರಿಸಿ ಎರಡೂ ಟೇಬಲ್ ಹೊಂದಿಸಿ ತೋರಿಸುತ್ತೇವೆ. ಈ ವಿಷಯದಲ್ಲಿ ಏನೂ ಬದಲಾಗಿಲ್ಲ.

1,200 ರೂಪಾಯಿಗೆ ಏನು ಸಿಗುತ್ತದೆ ಎಂಬುದನ್ನೂ ಹೇಳಬೇಕು. ನಿಮ್ಮ ಕೆಲಸ ಶುರುವಾದ ದಿನ ಒಂದು ಆರ್ ಆವೃತ್ತಿ, ಅದಕ್ಕೆ ಹೊಂದುವ ಆರ್‌ಟೂಲ್ಸ್, ನಿಮ್ಮ ಸ್ಕ್ರಿಪ್ಟ್‌ಗೆ ಬೇಕಾದ ಪ್ಯಾಕೇಜ್‌ಗಳು, ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ. ಯಾವ ಪ್ಯಾಕೇಜ್, ಯಾವ ಆವೃತ್ತಿ ಎಂಬುದು 'ಆರ್‌ಎನ್‌ವಿ' ಎಂಬ ಪ್ಯಾಕೇಜ್ ಬರೆದ ಲಾಕ್ ಫೈಲಿನಲ್ಲಿ ದಾಖಲಾಗಿರುತ್ತದೆ. ವಿಭಾಗದ ಕಂಪ್ಯೂಟರಿಗೆ ಹೋದರೂ, ಲ್ಯಾಪ್‌ಟಾಪ್ ಕೆಟ್ಟು ಹೊಸದು ಕೊಂಡರೂ ಅದೇ ಆವೃತ್ತಿಗಳನ್ನು ಅದರಿಂದ ಮತ್ತೆ ಹಾಕಬಹುದು. ಮೊದಲು ನಾವು ದಿನಾಂಕವಾರು ಪ್ಯಾಕೇಜ್‌ಗಳನ್ನು ಎಂರಾನ್‌ನಿಂದ (ಕ್ರಾನ್‌ನ ಹಳೆಯ ದಿನಗಳ ಪ್ರತಿಗಳನ್ನಿಟ್ಟಿದ್ದ ಮೈಕ್ರೋಸಾಫ್ಟ್ ತಾಣದಿಂದ) ತೆಗೆಯುತ್ತಿದ್ದೆವು. 2023ರ ಜುಲೈ 1ಕ್ಕೆ ಅದು ನಿಂತಿತು. ಅಂದಿನಿಂದ ನಮ್ಮದೇ ಡಿಸ್ಕ್‌ನಲ್ಲಿ ಕೂಡಿಡುತ್ತಿದ್ದೇವೆ, ಅದರ ಖರ್ಚನ್ನು ಇದುವರೆಗೆ ನಿಮ್ಮ ಮೇಲೆ ಹಾಕಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಕ್ಷೆ ಕೆಲಸದ 'ಆರ್‌ಜಿಡಾಲ್', 'ಆರ್‌ಜಿಯೋಸ್', 'ಮ್ಯಾಪ್‌ಟೂಲ್ಸ್' ಮೂರೂ ಕ್ರಾನ್‌ನಿಂದ ನಿವೃತ್ತಿಯಾದಾಗ ತಾಲ್ಲೂಕುವಾರು ನಕ್ಷೆ ಮಾಡುತ್ತಿದ್ದವರ ಸ್ಕ್ರಿಪ್ಟ್‌ಗಳನ್ನು 'ಎಸ್‌ಎಫ್', 'ಟೆರ್ರಾ'ಗೆ ಬದಲಿಸಿಕೊಟ್ಟದ್ದೂ ಪುಕ್ಕಟೆಯೇ. ಹೇಳಿಕೊಳ್ಳಲು ಬರೆದದ್ದಲ್ಲ. ದುಡ್ಡಿನಾಸೆ ಎಂದವರಿಗೆ ಇದು ಗೊತ್ತಿರಲಿ.

ಒಂದು ಕೋರಿಕೆ: ಥೀಸಿಸ್ ನಡುವೆ ಆರ್ ಅಪ್‌ಡೇಟ್ ಮಾಡಬೇಡಿ. ಪ್ರತಿವರ್ಷ ಏಪ್ರಿಲ್ ಸುಮಾರಿಗೆ ಹೊಸದು ಬರುತ್ತದೆ, ಅದಕ್ಕೆ ಲೈಬ್ರರಿ ಫೋಲ್ಡರ್ ಬೇರೆ, ಹಾಕಿದ್ದೆಲ್ಲ ಮತ್ತೆ ಹಾಕಬೇಕು. ಕೆಲವೊಮ್ಮೆ ಉತ್ತರವೂ ಅಲ್ಲಾಡುತ್ತದೆ. 2019ರ 3.6.0ರಲ್ಲಿ, ಡೇಟಾದಿಂದ ಚೀಟಿ ಎತ್ತಿದಂತೆ ಆರಿಸುವ 'ಸ್ಯಾಂಪಲ್' ಆದೇಶ ಕೆಲಸ ಮಾಡುವ ರೀತಿ ಬದಲಾಯಿತು. ಅದೇ ಸೀಡ್ (ಆಯ್ಕೆ ಶುರುವಾಗುವ ಸಂಖ್ಯೆ) ಕೊಟ್ಟರೂ, ಡೇಟಾವನ್ನು ಮತ್ತೆ ಮತ್ತೆ ಆರಿಸಿ ಮಾಡುವ ಬೂಟ್‌ಸ್ಟ್ರಾಪ್ ಲೆಕ್ಕದ ಹಳೆಯ ಅಂಕಿಗಳು ಹೊಸದರಲ್ಲಿ ಬರಲಿಲ್ಲ. 2020ರ 4.0.0ರಲ್ಲಿ ಅಕ್ಷರದ ಕಾಲಂಗಳು ತಾವಾಗಿ ಫ್ಯಾಕ್ಟರ್ ಆಗುವುದು ನಿಂತಿತು.

ಕನ್ನಡದಲ್ಲಿ ಸಮೀಕ್ಷೆ ಮಾಡಿದವರಿಗೆ ಮಾತ್ರ ಇದಕ್ಕೆ ವಿನಾಯಿತಿ. ನಿಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಆರ್ 4.2.0ಕ್ಕಿಂತ ಹಳೆಯದಿದ್ದರೆ 'ಕಾಲುವೆ' ಎಂದು ಬರೆದ ಜಾಗದಲ್ಲಿ 'ಯು ಪ್ಲಸ್ 0ಸಿ95' ಎಂದು ಶುರುವಾಗುವ ಕೋಡ್‌ಗಳ ಸಾಲು ಕಾಣಬಹುದು. 2022ರಲ್ಲಿ ಬಂದ 4.2.0ರಿಂದ ವಿಂಡೋಸ್‌ನಲ್ಲೂ ಎಲ್ಲ ಭಾಷೆಯ ಅಕ್ಷರಗಳಿಗೆ ಹೊಂದುವ ಯುಟಿಎಫ್-8 ಇದೆ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ನೀವು ಧೈರ್ಯವಾಗಿ ಬದಲಿಸಿ, ನಿಮ್ಮಿಂದ ಶುಲ್ಕ ಬೇಡ. ಹಳ್ಳಿಯ ಜನ ಹೇಳಿದ ಮಾತನ್ನು ಅವರದೇ ಭಾಷೆಯಲ್ಲಿ ಬರೆದುತಂದವರಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಇನ್ನು ಮೇಲೆ ಎರರ್ ಬಂದಾಗ ಕೊನೆಯ ಸಾಲಿನ ಫೋಟೋ ಬೇಡ. ಕನ್ಸೋಲ್‌ನಲ್ಲಿರುವುದೆಲ್ಲವನ್ನೂ ಕಾಪಿ ಮಾಡಿ, ಕೆಳಗೆ ಆರ್ ಮತ್ತು ಪ್ಯಾಕೇಜ್‌ಗಳ ಆವೃತ್ತಿ ತೋರಿಸುವ 'ಸೆಷನ್‌ಇನ್ಫೋ' ಆದೇಶ ಕೊಟ್ಟ ಉತ್ತರವನ್ನೂ ಅಂಟಿಸಿ, ಟೆಕ್ಸ್ಟ್ ಫೈಲಾಗಿ ಕಳಿಸಿ. ಶುಲ್ಕ ಕಟ್ಟಲು ಕಷ್ಟವಿರುವ ವಿದ್ಯಾರ್ಥಿಗಳು, ಫೆಲೋಶಿಪ್ ತಡವಾದವರು, ವಾಟ್ಸಾಪಿನಲ್ಲಿ ಬರೆಯದೆ ನೇರ ಕಚೇರಿಗೆ ಬನ್ನಿ. ಕೂತು ಮಾತಾಡೋಣ.

ನಿಮ್ಮ ವಿಶ್ವಾಸದ,
ಕಚೇರಿಯ ಎಲ್ಲರ ಪರವಾಗಿ
ಧಾರವಾಡ