ಮೇ 8ರವರೆಗೆ ಬಾಡಿಗೆಗೇ ದುಡಿಮೆ

ಪ್ರೀತಿಯ ಅಕ್ಕ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ವರ್ಷಕ್ಕೆ ನಿಮ್ಮ ಮನೆ ಖರ್ಚು ಎಷ್ಟಾಗತ್ತೆ?" ಅಂದೆ. ಬಾಯಿಗೆ ಬಂದ ಅಂಕಿ ಹೇಳಿಬಿಟ್ಟೆ. ನೀನು ಅಲ್ಲೇ ಅದನ್ನು ರೂಪಾಯಿಗೆ ತಿರುಗಿಸಿ, "ಅಯ್ಯೋ, ಅಷ್ಟರಲ್ಲಿ ನಾವು ಐದಾರು ವರ್ಷ ಬದುಕಬಹುದು ಕಣೇ" ಅಂದೆ. ಹಿಂದಿನಿಂದ ಭಾವ ನಕ್ಕಿದ್ದೂ ಕೇಳಿಸಿತು. ಆಮೇಲೆ ನೀನೇ ಸಪ್ಪಗಾದೆ. "ಎಷ್ಟು ಕೈ ಬಿಗಿ ಹಿಡಿದರೂ ತಿಂಗಳ ಕೊನೆಗೆ ಏನೂ ಉಳಿಯಲ್ಲ. ನನಗೇ ಮನೆ ನಡೆಸೋಕೆ ಬರಲ್ವೇನೋ" ಅಂದೆಯಲ್ಲ, ಆ ಮಾತು ಎರಡು ದಿನ ತಲೆಯಲ್ಲೇ ಸುತ್ತುತ್ತಿತ್ತು. ಅದಕ್ಕೇ ಈ ಪತ್ರ. ಲೆಕ್ಕದ ವಿಷಯ ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರ ನಡುವೆ ಜಗಳದಲ್ಲೇ ಮುಗಿಯೋದು.

ಮೊದಲಿಗೆ, ರೂಪಾಯಿಗೆ ತಿರುಗಿಸೋದನ್ನು ಬಿಡು. ಬ್ಯಾಂಕಿನವರು ಹೇಳುವ ದರ ನಾನು ಊರಿಗೆ ದುಡ್ಡು ಕಳಿಸುವಾಗ ಬೇಕು. ಎರಡು ಮನೆ ಹೋಲಿಸೋಕೆ ಅದು ಆಗಿಬರಲ್ಲ. ನಾನು ದುಡಿಯೋದೂ ಇಲ್ಲೇ, ಕೊಡೋದೂ ಇಲ್ಲೇ, ನೀನು ದುಡಿಯೋದೂ ಕೊಡೋದೂ ಅಲ್ಲೇ. ಹಾಗಾಗಿ ನಾನು ಬೇರೆ ಥರ ಲೆಕ್ಕ ಹಾಕಿದೆ. ವರ್ಷದಲ್ಲಿ ಕೈಗೆ ಬರುವ ದುಡ್ಡನ್ನು 365ರಿಂದ ಭಾಗಿಸಿದೆ. ಅದು ಒಂದು ದಿನದ ದುಡಿಮೆ. ಪ್ರತಿ ಖರ್ಚನ್ನೂ ಅದರಿಂದ ಭಾಗಿಸಿದರೆ, ಯಾವುದಕ್ಕೆ ಎಷ್ಟು ದಿನ ದುಡಿಯುತ್ತೇವೆ ಅನ್ನೋದು ಗೊತ್ತಾಗುತ್ತದೆ.

ನಮ್ಮನೆಯದು ಹೀಗೆ ಬಂತು. ಬಾಡಿಗೆಗೆ 128 ದಿನ. ಜನವರಿ 1ರಿಂದ ಎಣಿಸಿದರೆ ಮೇ 8 ಆಗುತ್ತದೆ. ಅಲ್ಲಿಯವರೆಗೆ ಇಬ್ಬರೂ ದುಡಿದದ್ದು ಮನೆ ಮಾಲೀಕರಿಗೆ! ಮಗೂನ ನೋಡಿಕೊಳ್ಳುವವರಿಗೆ 54 ದಿನ. ಅಡುಗೆಮನೆಗೆ 47. ಓಡಾಟಕ್ಕೆ 33. ಕರೆಂಟು, ನೀರು, ಮನೆ ಬೆಚ್ಚಗಿಡೋದು ಎಲ್ಲ ಸೇರಿ 21. ಇನ್ಶೂರೆನ್ಸ್‌ಗಳಿಗೆ 16, ಫೋನು ಮತ್ತು ಇಂಟರ್ನೆಟ್ಟಿಗೆ 6. ಒಟ್ಟು 305.

ಮೊದಲನೇ ವರ್ಷ ಈ ಲೆಕ್ಕದಲ್ಲೇ ದಡ್ಡಿಯಾಗಿದ್ದೆ, ಗೊತ್ತಾ? ನಮ್ಮ ಬಾಡಿಗೆ ವಾರದ ಲೆಕ್ಕದಲ್ಲಿ. ವಾರದ್ದನ್ನು ನಾಲ್ಕರಿಂದ ಗುಣಿಸಿ ತಿಂಗಳದ್ದು ಅಂದುಕೊಂಡಿದ್ದೆ. ಹನ್ನೆರಡು ತಿಂಗಳಿಗೆ 48 ವಾರವಾಯಿತು. ವರ್ಷಕ್ಕಿರೋದು 52! ನಾಲ್ಕು ವಾರದ ಬಾಡಿಗೆ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಡಿಸೆಂಬರಿನಲ್ಲಿ ಕೂತು ದುಡ್ಡು ಎಲ್ಲಿ ಹೋಯಿತು ಅಂತ ಇವರ ಮೇಲೆ ಅನುಮಾನ ಪಟ್ಟಿದ್ದೆ, ಪಾಪ. ಅವತ್ತಿನಿಂದ ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದೆ. ವರ್ಷಕ್ಕೊಮ್ಮೆ ಬರುವ ಇನ್ಶೂರೆನ್ಸು, ಗಾಡಿ ಸರ್ವಿಸ್ಸು, ತೆರಿಗೆ ಇವೆಲ್ಲ ತಿಂಗಳ ಪಟ್ಟಿಯಲ್ಲಿ ಕಾಣಿಸೋದೇ ಇಲ್ಲ. ಬಂದ ತಿಂಗಳು ಮಾತ್ರ "ಈ ಸಲ ಯಾಕೋ ಖರ್ಚು ಜಾಸ್ತಿಯಾಯಿತು" ಅಂತೀವಿ. ಪ್ರತಿ ವರ್ಷವೂ ಹಾಗೇ ಅಂತೀವಿ.

ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ನಿಮ್ಮನೆಯದನ್ನೂ ಹಾಕಿದೆ. ಅಡುಗೆಮನೆ 96 ದಿನ. ಸ್ಕೂಲ್ ಫೀಸು 71. ಸಾಲದ ಕಂತು, ಕಾರ್ಡಿನ ಬಾಕಿ ಸೇರಿ 62. ಅಮ್ಮನ ಔಷಧಿ, ಡಾಕ್ಟರ್ ಖರ್ಚು 34. ಗಾಡಿ 29. ಕರೆಂಟು, ನೀರು, ಗ್ಯಾಸು 17. ಕೂಡಿಸಿ ನೋಡು, 309. ನಮ್ಮದು ನವೆಂಬರ್ 1ಕ್ಕೆ ಮುಗಿಯುತ್ತದೆ, ನಿಮ್ಮದು ನವೆಂಬರ್ 5ಕ್ಕೆ. ನಾಲ್ಕೇ ದಿನದ ವ್ಯತ್ಯಾಸ ಅಕ್ಕ! ಐದಾರು ವರ್ಷ ಅಂದೆಯಲ್ಲ.

ಅಡುಗೆಮನೆಯ 96 ನೋಡಿ ಮತ್ತೆ ನಿನ್ನನ್ನೇ ಬೈದುಕೊಳ್ಳಬೇಡ. ಎರ್ನ್ಸ್ಟ್ ಎಂಗೆಲ್ ಅಂತ ಜರ್ಮನಿಯ ಒಬ್ಬ ಅಂಕಿಅಂಶದ ಮನುಷ್ಯ 1857ರಲ್ಲೇ ಇದನ್ನು ಕಂಡುಕೊಂಡಿದ್ದ. ಆದಾಯ ಏರಿದಂತೆ ಊಟಕ್ಕೆ ಹೋಗುವ ದುಡ್ಡು ಏರಬಹುದು, ಆದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು ಇಳಿಯುತ್ತದೆ. ಸಂಬಳ ದುಪ್ಪಟ್ಟಾದರೆ ಹೊಟ್ಟೆ ದುಪ್ಪಟ್ಟಾಗಲ್ಲ, ಅಷ್ಟೇ. ಅದೂ ಅಲ್ಲದೆ ನೀನು ಆರು ಜನರಿಗೆ ಬೇಯಿಸುತ್ತೀಯ, ನಾನು ಮೂರು ಜನರಿಗೆ. ನಿನ್ನ 96ರಲ್ಲಿ ತಪ್ಪು ಹುಡುಕುವವರು ಒಂದು ವಾರ ನಿನ್ನ ಅಡುಗೆಮನೆಯಲ್ಲಿ ನಿಂತು ನೋಡಲಿ. (ಭಾವನಿಗೆ ಈ ಸಾಲು ಓದಿ ಹೇಳು.)

ಅಲ್ಲಿ ಉಳಿಸಬೇಕು ಅಂತಿದ್ದರೆ ಒಂದು ಮಾತು: ಪೊಟ್ಟಣದ ಬೆಲೆ ನೋಡಬೇಡ, ತೂಕ ನೋಡು. ಬೆಲೆ ಏರಿಸದೆ ಒಳಗಿನ ಸಾಮಾನು ಕಮ್ಮಿ ಮಾಡುವ ಚಾಳಿ ಎಲ್ಲ ಕಡೆ ಇದೆ. 1 ಕೆಜಿ ಇದ್ದದ್ದು 900 ಗ್ರಾಂ ಆಗಿ ಬೆಲೆ ಅಷ್ಟೇ ಇದ್ದರೆ, ಹತ್ತಲ್ಲ, 11 ಪರ್ಸೆಂಟ್ ಜಾಸ್ತಿ ಕೊಟ್ಟಂತೆ. ನಾನು ಈಗ 100 ಗ್ರಾಮಿಗೆ ಎಷ್ಟು ಅಂತ ಫೋನಿನಲ್ಲಿ ಭಾಗಿಸಿ ನೋಡಿಯೇ ಬುಟ್ಟಿಗೆ ಹಾಕೋದು. ಇವರಿಗೆ ನನ್ನ ಜೊತೆ ಅಂಗಡಿಗೆ ಬರೋದೆಂದರೆ ನಾಚಿಕೆ.

ಇನ್ನು ಕರೆಂಟು. ಇದು ಸಣ್ಣ ಬಾಬತ್ತೇ, ಆದರೆ ನನಗೆ ಇದರಲ್ಲಿ ಒಂಥರಾ ಹುಚ್ಚು ಹಿಡಿಯಿತು. ಒಂದು ದಿನ ಇವರು ಸ್ನಾನಕ್ಕೆ ಹೋದಾಗ ಸುಮ್ನೆ ಮೀಟರಿನ ಮುಂದೆ ನಿಂತೆ. ಅದರಲ್ಲಿ ಒಂದು ಕೆಂಪು ದೀಪ ಇದೆ. ಕರೆಂಟು ಉರಿದಂತೆಲ್ಲ ಮಿಟುಕುತ್ತದೆ. ಎಲ್ಲ ಆರಿಸಿದ್ದಾಗ ನಿಧಾನಕ್ಕೆ ಮಿಟುಕುತ್ತಿದ್ದದ್ದು, ಇವರು ಶವರ್ ತಿರುಗಿಸಿದ್ದೇ ತಡ, ಪಟಪಟ ಅಂತ ಎಣಿಸೋಕೂ ಸಿಗದ ಹಾಗೆ ಹೊಡೆದುಕೊಂಡಿತು. ಮಾರನೇ ದಿನ ಶವರಿನ ಕೆಳಗೆ ಬಕೆಟ್ ಇಟ್ಟು ನೋಡಿದೆ. ನಿಮಿಷಕ್ಕೆ 9 ಲೀಟರ್. ಹತ್ತು ನಿಮಿಷ ಅಂದರೆ 90 ಲೀಟರ್. ನಲ್ಲಿ ನೀರು 15 ಡಿಗ್ರಿ ಇದ್ದದ್ದು 40 ಆಗಬೇಕು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸೋಕೆ 4.2 ಕಿಲೋಜೂಲ್ ಬೇಕು, ಒಂದು ಯೂನಿಟ್ಟಿನಲ್ಲಿರೋದು 3600. ಲೆಕ್ಕ ಹಾಕಿದರೆ ಒಂದು ಸ್ನಾನಕ್ಕೆ 2.6 ಯೂನಿಟ್. ಅದೇ 20 ಲೀಟರಿನ ಒಂದು ಬಕೆಟ್ ಬಿಸಿನೀರಾದರೆ 0.6 ಕೂಡ ಇಲ್ಲ. ದಿನಕ್ಕೆ ಎರಡು ಯೂನಿಟ್ ವ್ಯತ್ಯಾಸ, ವರ್ಷಕ್ಕೆ 740 ಚಿಲ್ಲರೆ, ಅದೂ ಒಬ್ಬರಿಂದ.

ನಾವು ಎಷ್ಟೋ ದಿನದಿಂದ ಬಲ್ಬಿನ ಹಿಂದೆ ಬಿದ್ದಿದ್ದೆವು. 60 ವ್ಯಾಟಿನ ಹಳೇ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿ, ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಒಳ್ಳೆಯದೇ. ಆದರೆ ಇವರು ಶವರ್ ಬಿಟ್ಟು ಬಕೆಟ್ ಹಿಡಿದರೆ ಉಳಿಯೋದು ಅಂಥ ಎಂಟು ಬಲ್ಬ್ ಬದಲಿಸಿದ್ದಕ್ಕೆ ಸಮ! ಈಗ ನಾಲ್ಕು ನಿಮಿಷಕ್ಕೆ ಬಂದಿದ್ದಾರೆ. "ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಲ್ಲಬೇಡ ಮಾರಾಯ್ತಿ" ಅಂತಾರೆ. ನಿಮ್ಮಲ್ಲಿ ಬೆಳಿಗ್ಗೆ ಐದಕ್ಕೆ ಹಾಕಿದ ಗೀಸರ್ ಒಂಬತ್ತಕ್ಕೆ ಆರೋದು, ಅಲ್ವಾ? ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಆರಿಸಿಬಿಡಿ. ಇನ್ನೊಂದು ನೆನಪಿಡೋಕೆ ಸುಲಭ: ಹಗಲು ರಾತ್ರಿ ಆನ್ ಇರುವ ವಸ್ತು ಒಂದು ವ್ಯಾಟ್ ಎಳೆದರೂ ವರ್ಷಕ್ಕೆ 8.76 ಯೂನಿಟ್. ಟಿವಿ ಪಕ್ಕದ ಡಬ್ಬ 10 ವ್ಯಾಟ್ ಎಳೆಯುತ್ತಿದ್ದರೆ ನೀನೇ ಗುಣಿಸಿಕೋ.

ಆದರೆ ಅಕ್ಕ, ಇದೆಲ್ಲ ಸೇರಿ ನಮಗೆ ಉಳಿದದ್ದು ಮೂರು ನಾಲ್ಕು ದಿನ. ನಿಜವಾಗಿ ಉಳಿದದ್ದು ಎರಡನೇ ಕಾರು ಮಾರಿದಾಗ. ಓಡಾಟದ ಲೆಕ್ಕ 58 ದಿನದಿಂದ 33ಕ್ಕೆ ಇಳಿಯಿತು. ಓಡದೆ ನಿಂತ ಗಾಡಿಗೂ ಇನ್ಶೂರೆನ್ಸ್, ತೆರಿಗೆ, ಬ್ಯಾಟರಿ ಅಂತ ಕೊಡುತ್ತಲೇ ಇದ್ದೆವು. ಬಾಡಿಗೆಯಲ್ಲೂ ಕೈ ಹಾಕಿ ನೋಡಿದೆವು. ದೂರದಲ್ಲಿ ಒಂದು ಮನೆ 110 ದಿನಕ್ಕೆ ಸಿಗುತ್ತಿತ್ತು. 18 ದಿನ ಉಳಿಯಿತು ಅಂತ ಕುಣಿದಾಡಿದೆ. ಓಡಾಟ 33ರಿಂದ 47 ಆಗುತ್ತದೆ ಅಂತ ಇವರು ಲೆಕ್ಕ ತೋರಿಸಿದರು. ನಾಲ್ಕು ದಿನದ ಉಳಿತಾಯಕ್ಕೆ ದಿನಾ ಎರಡು ಗಂಟೆ ರೈಲಿನಲ್ಲಿ. ಬೇಡ ಅಂದೆವು.

ನಿಮ್ಮನೆಯಲ್ಲಿ ಆ ಕಾರು ಯಾವುದು ಅಂದರೆ, ನನ್ನ ಪ್ರಕಾರ ಕಾರ್ಡಿನ ಬಾಕಿ. ತಿಂಗಳಿಗೆ 3 ಪರ್ಸೆಂಟ್ ಬಡ್ಡಿ ಅಂದೆ. ಮೂರು ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42.6 ಆಗುತ್ತದೆ. ಇತ್ತ ನೀನು ಕಷ್ಟಕಾಲಕ್ಕಿರಲಿ ಅಂತ ಎಫ್‌ಡಿ ಇಟ್ಟಿದ್ದೀಯ. ಯಾವ ಎಫ್‌ಡಿಯೂ ಆ ಬಡ್ಡಿಯ ಹತ್ತಿರಕ್ಕೂ ಬರಲ್ಲ. ಬೇಜಾರು ಮಾಡಿಕೊಳ್ಳಬೇಡ, ಅದರಲ್ಲಿ ಒಂದಿಷ್ಟು ಮುರಿದು ಬಾಕಿ ತೀರಿಸಿಬಿಡು. ಆಮೇಲೆ ಕಂತಿಗೆ ಹೋಗುತ್ತಿದ್ದದ್ದನ್ನೇ ತಿಂಗಳು ತಿಂಗಳು ಮತ್ತೆ ಎಫ್‌ಡಿಗೆ ತುಂಬು. ಅದು ನಿನ್ನ ಹೆಸರಿನಲ್ಲಿರುವ ದುಡ್ಡು, ಮುರಿಯೋಕೆ ಮನಸ್ಸು ಬರಲ್ಲ ಅಂತ ನನಗೆ ಗೊತ್ತು. ಭಾವನ ಹತ್ತಿರ ನಾನೇ ಮಾತಾಡಲಾ?

ಅಮ್ಮನ 34 ದಿನ ಮಾತ್ರ ಮುಟ್ಟಬೇಡ. ಹೋದ ತಿಂಗಳು ಮಾತ್ರೆ ದಿನ ಬಿಟ್ಟು ದಿನ ತಗೊಂಡರಂತೆ, ಅಮ್ಮನೇ ಬಾಯಿಬಿಟ್ಟರು. ಅದನ್ನು ಇನ್ನು ಮುಂದೆ ನನ್ನ ಲೆಕ್ಕಕ್ಕೆ ಹಾಕು. ನಮ್ಮನೆಯ ದಿನದಲ್ಲಿ ಅದು ಆರು ದಿನವೂ ಆಗಲ್ಲ. ಇಲ್ಲೊಂದೇ ಕಡೆ ನೀನು ರೂಪಾಯಿಗೆ ತಿರುಗಿಸಿಕೋ, ನನ್ನದೇನೂ ತಕರಾರಿಲ್ಲ.

ಜನವರಿ 1ರ ಬೆಳಿಗ್ಗೆ ಗೀಸರ್ ಹಾಕೋಕೆ ಮುಂಚೆ ಮೀಟರಿನ ಫೋಟೋ ತೆಗೆದು ಕಳಿಸು. ನಾನೂ ನಮ್ಮದನ್ನು ಕಳಿಸುತ್ತೇನೆ. ಅಂಕಿ ಕಾಣುವ ಹಾಗೆ ತೆಗಿ, ಹೋದ ಸಲದ ಹಾಗೆ ಬೆರಳು ಅಡ್ಡ ಇಡಬೇಡ.

ನಿನ್ನ ತಂಗಿ