ಮಗಳಿಗೊಂದು ಪತ್ರ: ನಾವು ಹನುಮಂತನಗರದಲ್ಲೇ ಇರುತ್ತೇವೆ

ಕೂಸೇ,

ಮೊನ್ನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ. ನಾನು ಹ್ಞೂಂಗುಟ್ಟಿ ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ಮಾತು ಕೂಡುವುದಿಲ್ಲ, ನಿನಗೇ ಗೊತ್ತು. ಅದಕ್ಕೆ ಪುಟ್ಟ ಇಲ್ಲಿ ಬಿಟ್ಟುಹೋದ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಾ ಕೂತಿದ್ದೇನೆ. "ಬೆಂಗಳೂರಿಗೇ ಬಂದು, ಮಗಳ ಮನೆ ಬಿಟ್ಟು ಬಾಡಿಗೆ ಮನೇಲಿದ್ದೀರಿ ಅಂದ್ರೆ ನೆಂಟರು ನನ್ನ ಏನಂದ್ಕೋಬೇಕು" ಅಂದೆಯಲ್ಲ. ಅಂದುಕೊಳ್ಳುವುದನ್ನು ಅವರು ಆಗಲೇ ಅಂದುಕೊಂಡು ಮುಗಿಸಿದ್ದಾರೆ. ಸಾಗರದ ಪೇಟೆಯಲ್ಲಿ ಆ ಸುದ್ದಿ ಹಳಸಿಯೂ ಹೋಯಿತು.

ಊರು ಬಿಟ್ಟದ್ದು ಯಾಕೆ ಅಂದರೆ ನೀನು ಎಲ್ಲರಿಗೂ ಅಪ್ಪಯ್ಯನ ಎದೆನೋವಿನ ಕತೆ ಹೇಳುತ್ತೀಯ. ಅದು ಸುಳ್ಳಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಕರೆಂಟು ಹೋಗಿ ಮೂರು ದಿನವಾಗಿತ್ತು. ಸಿಗ್ನಲ್ ಬೇಕೆಂದರೆ ಕೊಟ್ಟಿಗೆಯ ಹಿಂದಿನ ದರೆ ಹತ್ತಬೇಕು. ರಸ್ತೆಗೆ ಅಡ್ಡ ಬಿದ್ದ ಮರ ಕಡಿದು ಜೀಪು ದಾಟಿಸುವಾಗ ಬೆಳಗಿನ ಜಾವ. ಸಾಗರ ಮುಟ್ಟಿದರೆ, ಇಲ್ಲಾಗುವುದಿಲ್ಲ, ಶಿವಮೊಗ್ಗಕ್ಕೆ ಒಯ್ಯಿರಿ ಅಂದರು. ಇನ್ನೂ 70 ಕಿಲೋಮೀಟರ್. ದಾರಿಯುದ್ದ ಅವರ ಕೈ ಹಿಡಿದು ಕೂತಿದ್ದೆ. ನೀನು ಬರುವಷ್ಟರಲ್ಲಿ ಸ್ಟೆಂಟ್ ಹಾಕಿ ಮುಗಿದಿತ್ತು. ಮೇಲಿಂದ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ, ಔಷಧಿ ಹೊಡೆಯಲು ಆಳಿಲ್ಲ, ಮಂಗನ ಕಾಟ ಬೇರೆ. ಕೊನೆಗೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಸಂಕ್ರಾಂತಿ ಕಳೆದ ಮೇಲೆ ಹೊರಟೆವು.

ಆದರೆ ಬೆಂಗಳೂರೇ ಅಂತ ಹಟ ಹಿಡಿದವಳು ನಾನು. ಇದನ್ನು ನಿನಗೂ ಹೇಳಿರಲಿಲ್ಲ. ಅಪ್ಪಯ್ಯ ಸಾಗರದಲ್ಲೇ ಒಂದು ಮನೆ ನೋಡೋಣ ಅನ್ನುತ್ತಿದ್ದರು. ಸರಕಾರಿ ನೌಕರರಿಗಾದರೆ 60ಕ್ಕೆ ಹಾರ ಹಾಕಿ ಕಳಿಸುತ್ತಾರೆ. ಒಲೆಯ ಮುಂದೆ 41 ವರ್ಷ ಕೂತವಳಿಗೆ ನಿವೃತ್ತಿ ಯಾರು ಕೊಡುತ್ತಾರೆ? ನಾನೇ ತಗೊಂಡೆ ಅಂದುಕೋ.

ನಿನ್ನ ಮನೆಯಲ್ಲಿ ಇದ್ದ ಎರಡು ತಿಂಗಳಿನ ಮೇಲೆ ನನ್ನದೇನೂ ದೂರಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ, ಅಪ್ಪಯ್ಯನಿಗೆ ಬೇರೆ ಟೀವಿ ತಂದೆ. ಅಳಿಯ ಒಂದು ದಿನ ಮುಖ ಗಂಟಿಕ್ಕಿದವನಲ್ಲ. ಆದರೆ 14ನೇ ಮಹಡಿಯಲ್ಲಿ ನನಗೆ ಮಾಡಲು ಏನಿತ್ತು ಹೇಳು? ಒಂದೆಲಗದ ತಂಬುಳಿಗೆ ಕಾಯಿ ಬೀಸಲು ಮಿಕ್ಸಿ ಹಾಕಿದರೆ ನೀನು ಒಳಗಿಂದ ಕೈ ಬೀಸುತ್ತಿದ್ದೆ, ಮೀಟಿಂಗು. ನಿಲ್ಲಿಸುತ್ತಿದ್ದೆ. ನೀನು ಕಣ್ಣಲ್ಲೇ "ಈಗ ಹಾಕು" ಅಂದಾಗ ಮತ್ತೆ ಹಾಕುತ್ತಿದ್ದೆ. ಒಂದು ತಂಬುಳಿಗೆ ಮೂರು ಸಲ. ಅಡುಗೆಯ ಹೆಂಗಸು ಒಂದು ದಿನ ಕೇಳಿದಳು, "ಅಮ್ಮಾ, ನೀವು ಊರಿಗೆ ಯಾವಾಗ ಹೋಗ್ತೀರ?" ಪಾಪ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಎಷ್ಟು ಜನರಿಗೆ ಚಪಾತಿ ಲಟ್ಟಿಸಬೇಕು ಅಂತ ಲೆಕ್ಕ ಹಾಕುತ್ತಿದ್ದಳು ಅಷ್ಟೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಲ್ಲಿ ಬೀಗ ಹಾಕಿ ಬಂದವಳು, ಇಲ್ಲಿ ನೆಂಟಳು. ಹಾಗಾದರೆ ನನ್ನ ಮನೆ ಯಾವುದು?

ಆಮೇಲಿನದು ನಿನಗೆ ಗೊತ್ತೇ ಇದೆ. ಎರಡು ರೂಮಿನ ಈ ನೆಲಮಹಡಿ, ಹತ್ತು ತಿಂಗಳ ಅಡ್ವಾನ್ಸು, 11 ತಿಂಗಳ ಅಗ್ರಿಮೆಂಟು. ನಿನಗೆ ಅದು ಗುಹೆಯ ಹಾಗೆ ಕಾಣುತ್ತದೆ. ಬೆಳಕು ಕಡಿಮೆ, ಒಪ್ಪಿದೆ. ಆದರೆ ಇಲ್ಲಿ ಮಿಕ್ಸಿ ನನ್ನ ಇಷ್ಟದ ಹೊತ್ತಿಗೆ ತಿರುಗುತ್ತದೆ.

ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಗಂಟೆ ನಾಲ್ಕಕ್ಕೋ ಐದಕ್ಕೋ, ಕತ್ತಲಲ್ಲಿ. ಸಂಪಿನ ಮುಚ್ಚಳದ ಕೆಳಗೆ ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಸಣ್ಣಗೆ ಧಾರೆ ಬೀಳುವ ಸದ್ದು. ನಾನು ಎದ್ದು ಹೋಗಿ ಮುಚ್ಚಳ ಸರಿಸಿ ಕೂರುತ್ತೇನೆ. ಊರಲ್ಲಿ ಗುಡ್ಡದ ಅಬ್ಬಿ ನೀರು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಇಳಿದು ಬಚ್ಚಲ ತೊಟ್ಟಿಗೆ ಬೀಳುತ್ತಿದ್ದದ್ದು ಹೀಗೆಯೇ ಅಲ್ಲವೇ, ಹಗಲು ರಾತ್ರಿ. ಅದು ಗುಡ್ಡದಿಂದ ತಾನಾಗಿ ಇಳಿಯುತ್ತಿತ್ತು. ಇದನ್ನು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಹಾಕಿ ಮೇಲಕ್ಕೆತ್ತಿ ತರುತ್ತಾರಂತೆ. ಅದು ತಿಳಿದ ಮೇಲೆ ಅಕ್ಕಿ ತೊಳೆದ ನೀರನ್ನೂ ಚೆಲ್ಲಲು ಮನಸ್ಸು ಬಾರದೆ ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.

ಬಸ್ಸಿನ ವಿಷಯ ಕೇಳಿದರೆ ನೀನು ನಗುತ್ತೀಯ. 2023ರಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಮಾಡಿದಾಗ ನಮಗೇನು ಬಂತು? ನಮ್ಮ ಕಡೆ ಓಡುವುದೆಲ್ಲ ಪ್ರೈವೇಟ್ ಬಸ್ಸು, ಅದೂ ದಿನಕ್ಕೆರಡು. ಇಲ್ಲಿ ಆಧಾರ್ ತೋರಿಸಿ ಹತ್ತಿ ಕೂತರೆ ಆಯಿತು. ಮೊದಲ ವಾರ ತಪ್ಪು ಬಸ್ಸು ಹತ್ತಿ ಬನಶಂಕರಿಯಲ್ಲಿ ಇಳಿದೆ. ಹೆದರಬೇಕಿತ್ತು, ಹೆದರಿಕೆ ಆಗಲಿಲ್ಲ. "ಎಲ್ಲಿಗೆ ಹೊರಟೆ?" ಅಂತ ಕೇಳುವವರಿಲ್ಲದೆ ನಾನು ಮನೆಯಿಂದ ಅಷ್ಟು ದೂರ ಹೋದದ್ದು ಅದೇ ಮೊದಲು. ಒಂದು ಕಾಫಿ ಕುಡಿದು ವಾಪಸು ಬಂದೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿಗೆ ಮೂರು ಸಂಜೆ ಹೋಗಿದ್ದೆ. 1939ರಿಂದ ನಡೆಯುತ್ತಿದೆಯಂತೆ. ರೇಡಿಯೋದಲ್ಲಿ ಅರ್ಧ ಗರಗರ ಸದ್ದಿನ ಜೊತೆ ಕೇಳುತ್ತಿದ್ದ ಕಾಂಬೋಧಿಯನ್ನು ಎದುರಿಗೇ ಕೂತು ಕೇಳಿದೆ. ಯಾರೂ ಮಧ್ಯೆ ಎಬ್ಬಿಸಿ ಕಾಫಿ ಕೇಳಲಿಲ್ಲ.

ಅಪ್ಪಯ್ಯನಿಗೆ ಇಷ್ಟು ಸಲೀಸಾಗಿ ಹೊಂದಿಲ್ಲ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎನ್.ಆರ್. ಕಾಲೊನಿಯ ಗೋಖಲೆ ಸಂಸ್ಥೆಗೆ ಹೋಗಿ ಪೇಪರ್ ಓದುತ್ತಾರೆ. ಡಿವಿಜಿ ಕಟ್ಟಿದ ಸಂಸ್ಥೆ ಅಂತ ಭಕ್ತಿ ಬೇರೆ. ಮಳೆಗಾಲದಲ್ಲಿ ಕಲಾಕ್ಷೇತ್ರಕ್ಕೆ ಬಂದ ಯಕ್ಷಗಾನದ ಆಟಕ್ಕೂ ಹೋಗಿ ನಿದ್ದೆಗೆಟ್ಟು ಬಂದರು. ಆದರೆ ಆಗಸ್ಟಿನಲ್ಲಿ ಎದುರುಮನೆಯ ಹಿರಿಯರು ತೀರಿಕೊಂಡ ದಿನ ಅವರು ಊಟ ಮಾಡಲಿಲ್ಲ. ಬೆಳಿಗ್ಗೆ ಏಳಕ್ಕೆ ವ್ಯಾನು ಬಂತು, ಹನ್ನೊಂದಕ್ಕೆ ಎಲ್ಲ ಮುಗಿಯಿತು, ಸಂಜೆ ಅದೇ ಮನೆಯ ಬಾಗಿಲಿಗೆ ಹುಡುಗನೊಬ್ಬ ಊಟದ ಪೊಟ್ಟಣ ತಂದು ಕೊಟ್ಟು ಹೋದ. "ಊರಲ್ಲಾಗಿದ್ದರೆ ನಾಲ್ಕು ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ" ಅಂದರು. ನಾನು ಉತ್ತರ ಕೊಡಲಿಲ್ಲ. ಇದ್ದರಲ್ಲವೇ ಕೊಡಲು. ಇಲ್ಲಿ ಯಾರ ಮನೆಗೆ ಹೋದರೂ ಕುಡಿಯಲು ಆಸರಿಗೆ ಬೇಕಾ ಅಂತ ಕೇಳುವ ಮೊದಲು ಏನು ಕೆಲಸ ಅಂತ ಕೇಳುತ್ತಾರೆ. ಅದಕ್ಕೆ ನಾನೂ ಇನ್ನೂ ಒಗ್ಗಿಲ್ಲ.

ಆಸ್ಪತ್ರೆಯ ಚಿಂತೆ ನಿನಗೆ ಬೇಡ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿ ಆರ್.ವಿ. ರೋಡಿನಲ್ಲಿ ಹಳದಿ ಲೈನಿಗೆ ಬದಲಾಯಿಸಿದರೆ ಎರಡನೇ ಸ್ಟೇಷನ್ನೇ ಜಯದೇವ. ನಾವಿಬ್ಬರೇ ಎರಡು ಸಲ ಹೋಗಿ ತೋರಿಸಿಕೊಂಡು ಬಂದೆವು. ನೀನು ರಜೆ ಹಾಕಬೇಕಾಗುತ್ತದೆ ಅಂತ ಹೇಳಿರಲಿಲ್ಲ. ಅದಕ್ಕೂ ಈಗ ಬೈಯುತ್ತೀಯ, ಬೈ.

ಪುಟ್ಟನನ್ನು ನೋಡಿಕೊಳ್ಳಲು ಒಲ್ಲೆ ಅಂತ ಬಂದದ್ದಲ್ಲ. ಅವನಿಗೆ ಜ್ವರ ಬಂದರೆ ರಾತ್ರಿ ಎರಡು ಗಂಟೆಗೂ ಬರುತ್ತೇನೆ. ಆದರೆ ಅಜ್ಜಿಮನೆ ಅಂತ ಅವನಿಗೊಂದು ಇರಲಿ, ಹೊರಟು ಬರುವಂಥದ್ದು. ಒಂದೇ ಮನೆಯ ಪಕ್ಕದ ರೂಮಿಗೆ ಯಾರಾದರೂ ಅಜ್ಜಿಮನೆ ಅನ್ನುತ್ತಾರೆಯೇ?

ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ. ಭಾನುವಾರವೇ ಅಂಗಡಿ ಸಾಲು ಇಡುತ್ತಾರಂತೆ, ಪುಟ್ಟನನ್ನು ಕರೆದುಕೊಂಡು ಬಾ. ಕಾರು ತರಬೇಡ, ನಿಲ್ಲಿಸಲು ಜಾಗ ಸಿಗುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸು, ನ್ಯಾಷನಲ್ ಕಾಲೇಜಿನಲ್ಲಿ ಅಪ್ಪಯ್ಯ ಬಂದು ನಿಂತಿರುತ್ತಾರೆ. ನನ್ನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ನಿನ್ನ ಫ್ರಿಜ್ಜಿನ ಮೇಲೆ ಇದೆ. ಖಾಲಿಯಾಗಿದ್ದರೂ ತೊಳೆಯದೆ ತಾ, ಆ ರಸ ಬೇಕು.

ನಿನ್ನ
ಅಮ್ಮ