ಕಾಡಂಚಿನ ಬೇಸಿಗೆ ಕೆಲಸಕ್ಕೆ ಜೋಡಿ ರಜೆ ಕೊಡಿ

ಮಾನ್ಯ ಸಂಪಾದಕರೇ,

ಫೆಬ್ರುವರಿಯಿಂದ ಮೇ ತನಕ ಬಂಡೀಪುರದ ಸುತ್ತ ಹಂಗಾಮಿ ಕೆಲಸಕ್ಕೆ ಜನ ಬೇಕು. ಅರಣ್ಯ ಇಲಾಖೆಗೆ ಬೆಂಕಿ ಕಾಯುವವರು, ರೆಸಾರ್ಟುಗಳಿಗೆ ಅಡುಗೆಮನೆಗೂ ರೂಮು ನೋಡಿಕೊಳ್ಳುವುದಕ್ಕೂ ಆಳುಗಳು. ಪರೀಕ್ಷೆ ಮುಗಿಸಿದ ಕಾಲೇಜು ಹುಡುಗ ಹುಡುಗಿಯರೂ ಬರುತ್ತಾರೆ. ಸಂಬಳ, ಊಟ, ವಸತಿ ಎಲ್ಲವನ್ನೂ ಚೌಕಾಸಿ ಮಾಡಿ ಒಪ್ಪಿಕೊಳ್ಳುವವರು ರಜೆಯ ವಿಷಯಕ್ಕೆ ಬಂದಾಗ ಮಾತ್ರ ‘ವಾರಕ್ಕೊಂದು’ ಎಂದರೆ ತಲೆಯಾಡಿಸಿ ಬಿಡುತ್ತಾರೆ. ಕಾಡಂಚಿನಲ್ಲಿ ಆ ಒಂದು ದಿನ ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಕ್ಯಾಂಪು ಹೆದ್ದಾರಿಯಿಂದ ಏಳೆಂಟು ಕಿಲೋಮೀಟರ್ ಒಳಗಿದೆ ಎಂದುಕೊಳ್ಳಿ. ನಡೆದು ಹೋಗುವಂತಿಲ್ಲ, ಆನೆಯಿದೆ. ರೇಷನ್ ತರುವ ಜೀಪು ಹೊರಡುವುದು ಹತ್ತು ಗಂಟೆಗೆ. ರಸ್ತೆಗೆ ಬಂದು, ಬಸ್ಸಿಗೆ ಕಾದು ಗುಂಡ್ಲುಪೇಟೆ ಮುಟ್ಟುವಾಗ ಹನ್ನೆರಡು. ಏಪ್ರಿಲ್‌ನಲ್ಲಿ ಆರೂವರೆಗೆ ಸೂರ್ಯ ಮುಳುಗುತ್ತಾನೆ; ಅಷ್ಟರೊಳಗೆ ಕ್ಯಾಂಪು ಸೇರಬೇಕಾದರೆ ನಾಲ್ಕೂಕಾಲಿಗೇ ವಾಪಸ್ ಬಸ್ಸು ಹತ್ತಬೇಕು. ಕೈಗೆ ಉಳಿದದ್ದು ನಾಲ್ಕು ಗಂಟೆ. ಅದರಲ್ಲಿ ಬ್ಯಾಂಕು, ಕ್ಷೌರ, ಸೋಪು, ಚಪ್ಪಲಿ ಹೊಲಿಸುವುದು. ಬಸ್ಸು ತಪ್ಪಿತೋ, ರಾತ್ರಿ ಒಂಬತ್ತಕ್ಕೆ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟುಗಳ ಗೇಟು ಬೀಳುತ್ತದೆ. ಬೆಳಿಗ್ಗೆ ಆರರವರೆಗೆ ಎರಡೂ ಹೆದ್ದಾರಿ ಬಂದ್. 2009ರಿಂದ ಇರುವ ಈ ರಾತ್ರಿ ನಿಷೇಧವನ್ನು ಸಡಿಲಿಸಿ ಎಂದು ಯಾರೂ ಈ ಪತ್ರವನ್ನು ಓದಿಕೊಳ್ಳಬಾರದು, ಅದು ಇರಲೇಬೇಕು. ಬದಲಾಗಬೇಕಾದದ್ದು ರಜೆಯ ಪಟ್ಟಿ.

ದಾರಿ ಸುಲಭವಿದೆ. ವಾರವನ್ನು ಬುಧವಾರದಿಂದ ಮಂಗಳವಾರದವರೆಗೆ ಎಣಿಸಿ. ಮೊದಲ ವಾರದ ರಜೆ ಅದರ ಕೊನೆಯ ದಿನ, ಅಂದರೆ ಮಂಗಳವಾರ. ಎರಡನೇ ವಾರದ್ದು ಅದರ ಮೊದಲ ದಿನ, ಬುಧವಾರ. ವಾರಕ್ಕೊಂದರ ಲೆಕ್ಕ ತಪ್ಪಲಿಲ್ಲ, ಎರಡು ದಿನ ಒಟ್ಟಿಗೆ ಸಿಕ್ಕಿತು. ರೆಸಾರ್ಟಿನವರಿಗೆ ಶನಿವಾರ ಭಾನುವಾರದ ನೂಕುನುಗ್ಗಲಿಗೆ ಜನವೂ ಉಳಿದರು. ತೊಂದರೆ ಒಂದೇ: ನಡುವೆ ಸತತ ಹನ್ನೆರಡು ದಿನ ದುಡಿಮೆ. ಅಡುಗೆಮನೆಯಲ್ಲಿ ಅದು ನಡೆದೀತು, ಬೆಂಕಿ ಕೆಲಸದಲ್ಲಿ ನಡೆಯದು. ಸೊಪ್ಪಿನ ಕಟ್ಟು ಹಿಡಿದು ಉರಿ ಬಡಿದವರಿಗೆ ಆರನೆಯ ದಿನ ಅರ್ಧ ದಿನವಾದರೂ ನೆರಳಲ್ಲಿ ಮಲಗಲು ಬಿಡಬೇಕು, ಬದಲಿ ಆಳು ಇಟ್ಟುಕೊಳ್ಳಬೇಕು. ದಣಿದವನಿಗೆ ಗಾಳಿ ತಿರುಗಿದ್ದು ತಡವಾಗಿ ಗೊತ್ತಾಗುತ್ತದೆ.

ಇನ್ನು ರಜೆ ಪಡೆಯುವವರಿಗೆ. ಹಿಂದಿನ ಸಂಜೆಯೇ ಬಟ್ಟೆ ನೆನೆಹಾಕಿ. ಬೂಟಿನ ಒಳಗಿನ ಅಟ್ಟೆ ತೆಗೆದು ಬಿಸಿಲಿಗಿಡಿ, ಬೂಟನ್ನು ಮಾತ್ರ ನೆರಳಲ್ಲಿ ಒಣಗಿಸಿ. ಕಾದ ನೆಲದ ಮೇಲೆ ಓಡಾಡಿ ಮೊದಲೇ ಮೆತ್ತಗಾದ ಅಂಟು ಬಿರುಬಿಸಿಲಿಗೆ ಪೂರಾ ಬಿಟ್ಟು, ಮರುವಾರ ಸೋಲ್ ಬಾಯಿ ತೆರೆಯುತ್ತದೆ. ಹಾಕಿಕೊಳ್ಳುವ ಮುನ್ನ ತಲೆಕೆಳಗು ಮಾಡಿ ಬಡಿಯಿರಿ, ಚೇಳು ಸೇರಿಕೊಂಡಿರುತ್ತದೆ.

ಸ್ನಾನದ ಹೊತ್ತಿಗೆ ಮೈಯಲ್ಲಿ ಉಣುಗು ಇದೆಯೇ ನೋಡಿಕೊಳ್ಳುವುದನ್ನು ಮರೆಯಬೇಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ. ಮರಿ ಉಣುಗು ಗಸಗಸೆ ಕಾಳಿನಷ್ಟು, ಮಚ್ಚೆಯೆಂದು ಬಿಟ್ಟುಬಿಡುವುದೇ ಹೆಚ್ಚು. ಸೀಮೆಎಣ್ಣೆ ಹಚ್ಚುವುದು, ಬೀಡಿ ಕೆಂಡ ಮುಟ್ಟಿಸುವುದು ಬೇಡ. ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಿರಿ, ಸೋಪು ಹಾಕಿ ತೊಳೆಯಿರಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನದು ಮಾತ್ರ ಎಂಬ ಭ್ರಮೆ ಬೇಡ. 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು, ಸತ್ತ ಮಂಗಗಳನ್ನು ಮುಟ್ಟಿದವರಲ್ಲಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಯಲ್ಲಿ ‘ಕಾಡಿನಲ್ಲಿ ಕೆಲಸ’ ಎಂದು ಮೊದಲು ಹೇಳಿ. ಊರಿಗೆ ಹೋಗಿ ಜ್ವರ ಬಂದವರು ಇದನ್ನು ಹೇಳದೆ ಮಾತ್ರೆ ನುಂಗಿಕೊಂಡು ಕೂರುತ್ತಾರೆ.

ಎಲ್ಲಿಗೆ ಹೋಗುವುದು? ಕಾಡಿನೊಳಕ್ಕಂತೂ ಅಲ್ಲ. ಕೆಲಸದ ಗುರುತಿನ ಚೀಟಿ ರಜೆಯ ದಿನ ತಿರುಗಾಡುವ ಪರವಾನಗಿಯಲ್ಲ; ಕೆರೆಯ ಹತ್ತಿರ ಹೋಗಿ ಫೋಟೊ ಹೊಡೆಯುವ ಆಸೆ ಕಾನೂನಿಗೂ ಜೀವಕ್ಕೂ ಒಳ್ಳೆಯದಲ್ಲ. ಹಂಗಳದಿಂದ ಒಳಗೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್. ಖಾಸಗಿ ವಾಹನ ಮೇಲೆ ಬಿಡುವುದಿಲ್ಲ, ಬುಡದಿಂದ ಸಾರಿಗೆ ಬಸ್ಸೇ ಗತಿ. ವಾರಾಂತ್ಯದಲ್ಲಿ ಅದಕ್ಕೆ ಉದ್ದ ಸಾಲು, ಮಂಗಳವಾರ ಬುಧವಾರ ಆರಾಮ. ಮೈಸೂರಿಗೆ ಹೋಗಿ ಒಂದು ರಾತ್ರಿ ಉಳಿಯುವುದೂ ಜೋಡಿ ರಜೆಯಲ್ಲೇ ಸಾಧ್ಯ. ಮೃಗಾಲಯಕ್ಕೆ ಮಂಗಳವಾರ ರಜೆ, ಬುಧವಾರ ಹೋಗಿ. (ವಾರವಿಡೀ ಪ್ರಾಣಿ ನೋಡಿದವರಿಗೆ ಮೃಗಾಲಯ ಯಾಕೆ ಎನ್ನಬಹುದು. ಕಾಡಿನ ಹುಲಿ ಅಷ್ಟು ಸಲೀಸಾಗಿ ಎಲ್ಲಿ ಕಾಣಿಸುತ್ತದೆ!) ಹೆಣ್ಣುಮಕ್ಕಳು ರಾಜ್ಯದ ವಿಳಾಸವಿರುವ ಆಧಾರ್ ಕಾರ್ಡು ಇಟ್ಟುಕೊಂಡರೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ.

ಎಲ್ಲಿಗೂ ಹೋಗದೆ ಕ್ಯಾಂಪಿನ ಜಗಲಿಯಲ್ಲೇ ಕೂತರೂ ನಷ್ಟವಿಲ್ಲ. ಮಾರ್ಚಿನಲ್ಲಿ ಮುತ್ತುಗ ಕೆಂಪಾಗಿರುತ್ತದೆ, ಅದು ಉದುರಿದ ಮೇಲೆ ಕಕ್ಕೆ ಹಳದಿ ಬಿಡುತ್ತದೆ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಹಕ್ಕಿಗಳ ಹೊತ್ತು, ಆಮೇಲೆ ಸೆಕೆಗೆ ಅವೂ ಸುಮ್ಮನಾಗುತ್ತವೆ. ತಲೆ ಸುತ್ತಿದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಾಯವೇ.

ವಾಪಸಾಗುವಾಗ ಚೀಲದಲ್ಲಿ ಹುರಿಗಡಲೆ, ಚಟ್ನಿಪುಡಿ, ಅವಲಕ್ಕಿ, ಬೆಲ್ಲ ಇರಲಿ. ಬೆಲ್ಲಕ್ಕೆ ಬಿಗಿ ಮುಚ್ಚಳದ ಡಬ್ಬಿ ಬೇಕು. ಮಾವು, ಹಲಸು, ಬಾಳೆಹಣ್ಣನ್ನು ಮಾತ್ರ ಊರಲ್ಲೇ ತಿಂದು ಬನ್ನಿ. ವಾಸನೆಗೆ ಹಗಲು ಕೋತಿ, ರಾತ್ರಿ ಆನೆ ಬರುತ್ತವೆ. ಉಪ್ಪಿಗೂ ರಾಗಿಗೂ ಅಡುಗೆಮನೆಯ ಗೋಡೆಯನ್ನೇ ಕೆಡವುವ ಪ್ರಾಣಿಗೆ ತಗಡಿನ ಬಾಗಿಲು ಯಾವ ಲೆಕ್ಕ?

ಮುಂದಿನ ಹಂಗಾಮಿಗೆ ಜನ ಗೊತ್ತು ಮಾಡುವ ವ್ಯವಸ್ಥಾಪಕರೂ ಗುತ್ತಿಗೆದಾರರೂ ಜೋಡಿ ರಜೆಯ ದಿನಗಳನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲೇ ಬರೆಯಲಿ, ಆ ಬೆಳಿಗ್ಗೆ ಏಳಕ್ಕೇ ಒಂದು ಜೀಪು ಹೆದ್ದಾರಿಗೆ ಬಿಡಲಿ.

ಇಂತಿ,
ಓದುಗರು, ಗುಂಡ್ಲುಪೇಟೆ